ಬೆಂಕಿಪುರದಲ್ಲಿ ಒಂದು ಬಿಸಿಲ ದೀಪ

ಭದ್ರಾವತಿಗೆ ಹಿಂದೆ ಬೆಂಕಿಪುರವೆಂದು ಹೆಸರಿದ್ದಿತೆಂಬುದನ್ನು ಬಲ್ಲವರು ಈಗ ಕಡಮೆ. ಆ ಹೆಸರು ಕಬ್ಬಿಣದ ಕಾರ್ಖಾನೆ ಬಂದ ಮೇಲೆ ಹುಟ್ಟಿದ್ದಲ್ಲ. ಅದಕ್ಕೂ ಮೊದಲೇ ಇದ್ದುದು. ಮುಂದೊಂದು ದಿನ ಇಲ್ಲಿ ಕುಲುಮೆಗಳು ಹಗಲಿರುಳೂ ಉರಿಯುವುವೆಂದು ಹೆಸರಿಟ್ಟ ಹಿರಿಯರಿಗೆ ಕನಸು ಬಿದ್ದಿತ್ತೋ ಏನೋ ಎಂದು ನಮ್ಮ ತಂದೆಯವರು ನಗುತ್ತಿದ್ದರು. ಅವರು ೧೯೪೦ರ ದಶಕದಲ್ಲಿ ಆ ಕಾರ್ಖಾನೆಯ ಸೌದೆ ಬಟ್ಟಿಯಿಳಿಸುವ ವಿಭಾಗಕ್ಕೆ ಕೂಲಿಯಾಗಿ ಸೇರಿದವರು. ಸಂಜೆ ಮನೆಗೆ ಬಂದರೆ ಅವರ ಅಂಗಿಯಿಂದ ಹೊಗೆಯ ವಾಸನೆಯೊಡನೆ ಒಂದು ಬಗೆಯ ಹುಳಿವಾಸನೆಯೂ ಬರುತ್ತಿದ್ದಿತು. ನಾನು ಚಿಕ್ಕವನಾಗಿದ್ದಾಗ ತಂದೆಯೆಂದರೆ ಆ ವಾಸನೆಯೆಂದೇ ತಿಳಿದಿದ್ದೆ.

ನಾನೀಗ ಶಿವಮೊಗ್ಗೆಯಲ್ಲಿ ನೆಲೆಸಿರುವ ನಿವೃತ್ತ ಉಪಾಧ್ಯಾಯ. ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ಮೂವತ್ತು ವರ್ಷ ಕಳೆದವನು. ತಿಂಗಳಿಗೊಮ್ಮೆಯಾದರೂ ರೈಲು ಹತ್ತಿ ಭದ್ರಾವತಿಗೆ ಹೋಗಿಬರುವುದು ನನ್ನ ವಾಡಿಕೆ. ಎರಡು ಊರುಗಳ ನಡುವೆ ಇರುವುದು ನಾಲ್ಕೈದು ಹರದಾರಿಯಷ್ಟು ದಾರಿ. ಒಂದು ಕಡೆ ತುಂಗೆ, ಇನ್ನೊಂದು ಕಡೆ ಭದ್ರೆ. ಅಲ್ಲಿ ನನಗೆ ಉಳಿದಿರುವ ನಂಟು ಒಂದೇ ಮನೆ. ನನ್ನ ಬಾಲ್ಯದ ಗೆಳೆಯ ತೀರಿಕೊಂಡು ಎಂಟು ವರ್ಷಗಳಾದುವು. ಅವನ ಹೆಂಡತಿ ಒಂದು ಬಾಡಿಗೆ ಮನೆಯಲ್ಲಿ ಹೊಲಿಗೆ ಯಂತ್ರವೊಂದನ್ನು ನಂಬಿ ಬದುಕಿದ್ದಾರೆ. ನಾನು ಅವರನ್ನು ಅತ್ತಿಗೆಯೆನ್ನುತ್ತೇನೆ. ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ. ಈ ಲೇಖನಕ್ಕೆ ಕಾರಣ ಅವರ ಮನೆಯ ಒಂದು ದೀಪ. ಆದರೆ ದೀಪದ ಕಥೆಗೆ ಮೊದಲು ಬೆಂಕಿಯ ಕಥೆಯನ್ನು ಸ್ವಲ್ಪ ಹೇಳಬೇಕಾಗಿದೆ.

ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಸುಣ್ಣಕಲ್ಲಿತ್ತು, ನೀರಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಕಬ್ಬಿಣ ಕರಗಿಸಬೇಕಾದರೆ ಬೆಂಕಿಗೆ ಏನು ಮಾಡುವುದು? ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರ ಮಲೆನಾಡಿನ ಕಾಡು. ೧೯೧೮ರಲ್ಲಿ ಕಾರ್ಖಾನೆಯ ಕಾರ್ಯಕ್ಕೆ ತೊಡಗಿ, ೧೯೨೩ರ ಜನವರಿಯಲ್ಲಿ ಊದುಕುಲುಮೆಯನ್ನು ಹೊತ್ತಿಸಿದರು. ಕಾಡಿನ ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಸುಟ್ಟು ಇದ್ದಿಲು ಮಾಡುವುದು. ಆ ಇದ್ದಿಲಿನಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುವುದು. ಸೌದೆ ಸುಡುವಾಗ ಏಳುವ ಹೊಗೆಯನ್ನೂ ಬಿಡದೆ ತಣಿಸಿ, ಅದರಿಂದ ಮರದ ಮದ್ಯಸಾರ, ಡಾಂಬರು, ಅಸಿಟೇಟು ಮೊದಲಾದುವನ್ನು ತೆಗೆಯುತ್ತಿದ್ದರು. ನಮ್ಮ ತಂದೆಯವರ ಅಂಗಿಯ ಹುಳಿವಾಸನೆ ಅಲ್ಲಿಯದು.

ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ನವೀಕರಿಸಬಹುದಾದ ಇಂಧನದಿಂದ ನಡೆದ ಕಾರ್ಖಾನೆ. ಕಡಿದ ಮರ ಮತ್ತೆ ಬೆಳೆಯುವುದಲ್ಲವೆ? ಬೆಳೆಯುವುದು ನಿಜ, ಬೆಳೆಯಲು ಬಿಟ್ಟರೆ, ಮತ್ತು ಕಡಿಯುವ ಕೈಗಿಂತ ಬೆಳೆಯುವ ಕೊಂಬೆ ಬೇಗ ಬೆಳೆದರೆ. ಮಲೆನಾಡಿನಲ್ಲಿ ಹಾಗಾಗಲಿಲ್ಲವೆಂಬುದು ಬೋಳಾದ ಗುಡ್ಡಗಳನ್ನು ಕಂಡವರಿಗೆಲ್ಲ ಗೊತ್ತು. ಹೆಸರಿನಲ್ಲಿ ನವೀಕರಣವಿದ್ದ ಮಾತ್ರಕ್ಕೆ ಯಾವುದೂ ನವೀಕೃತವಾಗುವುದಿಲ್ಲ. ಇದು ನಾನು ಪುಸ್ತಕದಿಂದ ಕಲಿತ ಪಾಠವಲ್ಲ. ತಂದೆಯವರ ಅಂಗಿಯಿಂದ ಕಲಿತದ್ದು.

ಆದರೆ ಆ ಕಾರ್ಖಾನೆಯ ಇತಿಹಾಸದಲ್ಲಿ ನನಗೆ ಹೆಚ್ಚು ಬೆರಗು ಹುಟ್ಟಿಸಿರುವುದು ಬೆಂಕಿಯಲ್ಲ, ಹಣ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಬೀಡುಕಬ್ಬಿಣದ ಬೆಲೆ ಕುಸಿಯಿತು. ಕುಲುಮೆ ಹೊತ್ತಿದಾಗಲೇ ನಷ್ಟವೂ ಹೊತ್ತಿಕೊಂಡಿತು. ಇದೊಂದು ಬಿಳಿಯಾನೆಯೆಂದೂ, ಬಡ ರೈತರ ಕಂದಾಯ ಹೊಗೆಯಾಗಿ ಹೋಗುತ್ತಿದೆಯೆಂದೂ ಟೀಕಿಸಿದವರು ಕಡಮೆಯವರಲ್ಲ. ಅವರ ಮಾತಿನಲ್ಲಿ ನ್ಯಾಯವೂ ಇದ್ದಿತು. ಆದರೂ ಸಂಸ್ಥಾನ ಕೈಬಿಡಲಿಲ್ಲ. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ೧೯೨೩ರಲ್ಲಿ ಆಡಳಿತ ಮಂಡಲಿಯ ಅಧ್ಯಕ್ಷರನ್ನಾಗಿ ಕರೆತಂದರು. ಅವರು ೧೯೨೯ರವರೆಗೆ ಅಲ್ಲಿದ್ದು ಲೆಕ್ಕಪತ್ರವನ್ನೂ ಕೆಲಸವನ್ನೂ ಸರಿದಾರಿಗೆ ತಂದರು. ಆ ಅವಧಿಗೆ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಅವರು ತಮಗಾಗಿ ಇಟ್ಟುಕೊಳ್ಳಲಿಲ್ಲ. ಹುಡುಗರಿಗೆ ಕಸಬು ಕಲಿಸುವ ಸಂಸ್ಥೆಯೊಂದಕ್ಕೆ ಬಳಸಬೇಕೆಂದು ಹೇಳಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನ ಮೂಲದಲ್ಲಿ ಹೀಗೆ ಭದ್ರಾವತಿಯ ಹಣವಿದೆ. ೧೯೩೬ರ ಹೊತ್ತಿಗೆ ಇಲ್ಲಿ ಉಕ್ಕಿನ ಘಟಕ ಬಂದಿತು. ಅದೇ ವರ್ಷ ಮೈಸೂರು ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಬೆಂಕಿಪುರ ಊರಾದುದು ಹೀಗೆ.

ಇದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ರಾಜ್ಯ ಹಣವನ್ನು ಕೊಟ್ಟದ್ದಷ್ಟೇ ಅಲ್ಲ, ಕಾದಿತು. ಮೊದಲ ವರ್ಷ ಲಾಭ ಬರಲಿಲ್ಲವೆಂದು ಕುಲುಮೆಯ ಮೇಲೆ ನೀರು ಸುರಿಯಲಿಲ್ಲ. ಹೊಸ ಕೆಲಸಕ್ಕೆ ಬಂಡವಾಳದಷ್ಟೇ ತಾಳ್ಮೆಯೂ ಬೇಕು. ಆ ತಾಳ್ಮೆಯೂ ಒಂದು ಬಗೆಯ ಬಂಡವಾಳವೇ.

ಇದ್ದಿಲಿನ ಕಾಲ ಮುಗಿದು ವಿದ್ಯುತ್ತಿನ ಕಾಲ ಬಂದಿತು. ೧೯೪೦ರ ದಶಕದ ಕೊನೆಗೆ ಜೋಗದಲ್ಲಿ ಆರಂಭವಾದ ವಿದ್ಯುದಾಗಾರ, ಮುಂದೆ ಮಹಾತ್ಮಾ ಗಾಂಧಿಯವರ ಹೆಸರು ಪಡೆದು, ೧೨೦ ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಆ ಶಕ್ತಿಯಿಂದ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಕೆಲಸ ಮಾಡತೊಡಗಿದುವು. ನಮ್ಮ ತಂದೆಯವರ ಅಂಗಿಯ ವಾಸನೆ ಬದಲಾಯಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಶರಾವತಿಯ ದೊಡ್ಡ ವಿದ್ಯುದಾಗಾರ ತಿರುಗತೊಡಗಿತು. ಇಂದು ಅದರ ಸಾಮರ್ಥ್ಯ ೧೦೩೫ ಮೆಗಾವಾಟ್. ಬೆಂಗಳೂರಿನ ಬೀದಿಗಳಲ್ಲಿ ಬೆಳಕು ಹರಿದಾಡಿತು. ಮುಳುಗಿದ ಊರುಗಳ ಜನ ಗಂಟುಮೂಟೆ ಕಟ್ಟಿ, ಶಿವಮೊಗ್ಗೆ ಜಿಲ್ಲೆಯ ಕಾಡಿನ ಅಂಚಿನಲ್ಲಿ ತೋರಿಸಿದ ಕಡೆ ಗುಡಿಸಿಲು ಹಾಕಿಕೊಂಡರು. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ ಹುಟ್ಟಿದುದು ಎಣ್ಣೆಯ ಹಣತೆಯನ್ನು ನೋಡಿ. ಅದು ವಿದ್ಯುದ್ದೀಪಕ್ಕೂ ಅನ್ವಯಿಸುವುದೆಂದು ಇಲ್ಲಿ ಗೊತ್ತಾಯಿತು. ಆ ಕುಟುಂಬಗಳಲ್ಲಿ ಅನೇಕವು ಸಾಗು ಮಾಡಿದ ನೆಲಕ್ಕೆ ಹಕ್ಕುಪತ್ರವಿಲ್ಲದೆ ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದಿವೆ. ನಾಡಿನ ಬೆಳಕಿಗಾಗಿ ನೆಲ ಕೊಟ್ಟವರ ಕೈಯಲ್ಲಿ ನೆಲದ ಕಾಗದವಿಲ್ಲ.

ಈ ಕಾಗದದ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಅದು ಮುಂದೆ ಅತ್ತಿಗೆಯ ಮನೆಯ ಬಾಗಿಲಿಗೂ ಬರುವುದು.

ಕಾಲ ಬದಲಾಯಿತು. ಕಾಗದದ ಕಾರ್ಖಾನೆ ಕಳೆದ ದಶಕದಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ೨೦೨೩ರ ಜನವರಿಯಲ್ಲಿ ಹೊರಬಿದ್ದಾಗ ಊರು ತಲ್ಲಣಿಸಿತು. ಅದೇ ವರ್ಷ ಕೆಲವು ಭಾಗಗಳಲ್ಲಿ ಮತ್ತೆ ಯಂತ್ರದ ಸದ್ದು ಕೇಳಿದರೂ ಹಿಂದಿನ ಊರು ಹಿಂದಕ್ಕೆ ಬರಲಿಲ್ಲ. ಅದೇ ೨೦೨೩ರಲ್ಲಿ ಮಳೆಯೂ ಕೈಕೊಟ್ಟಿತು. ರಾಜ್ಯದ ೨೨೩ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ನೀರಿನಿಂದ ಬರುವ ವಿದ್ಯುತ್ತು ನೀರಿಲ್ಲದಿದ್ದರೆ ಎಲ್ಲಿಂದ ಬರಬೇಕು? ಹವಾಮಾನದ ಏರುಪೇರೆಂಬುದು ಪತ್ರಿಕೆಯ ಮಾತಾಗಿದ್ದುದು ಆ ವರ್ಷ ಮಲೆನಾಡಿನ ಸೆರಗಿನಲ್ಲಿಯೇ ಮನೆಯ ಮಾತಾಯಿತು.

ಅತ್ತಿಗೆಯ ವರಮಾನವೆಲ್ಲ ಮೇ ತಿಂಗಳ ಕೊನೆಯಿಂದ ಜುಲೈವರೆಗೆ. ಶಾಲೆ ತೆರೆಯುವ ಕಾಲ; ಮಕ್ಕಳ ಸಮವಸ್ತ್ರದ ಹೊಲಿಗೆ. ಉಳಿದ ಒಂಬತ್ತು ತಿಂಗಳು ರವಿಕೆ, ಲಂಗ, ಹರಿದ ಚೀಲ; ಅದರಿಂದ ಉಪ್ಪು ಮೆಣಸಿನಕಾಯಿಗೆ ಆದೀತು. ಕಾಲು ನೋವಾದ ಮೇಲೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡಿದ್ದಾರೆ. ಆದರೆ ಮಳೆಗಾಲ ಕಾಲಿಟ್ಟಿತೆಂದರೆ ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದು, ವಿದ್ಯುತ್ತು ಹೋಗುವುದು. ಸಮವಸ್ತ್ರದ ಹಂಗಾಮೂ ಅದೇ, ಕತ್ತಲೆಯ ಹಂಗಾಮೂ ಅದೇ. ಕಳೆದ ವರ್ಷದ ಜೂನಿನಲ್ಲಿ ನಾನು ಹೋದಾಗ ಅವರು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ನೀಲಿ ಬಟ್ಟೆಗೆ ಕೈಯಿಂದ ಕಾಜಾ ಹಾಕುತ್ತಿದ್ದರು. ಹಿಂದಿನ ವಾರ ಹೊತ್ತಿಗೆ ಸರಿಯಾಗಿ ಬಟ್ಟೆ ಕೊಡಲಾಗದೆ ಇಪ್ಪತ್ತು ಜೊತೆ ಸಮವಸ್ತ್ರ ಬೇರೆ ದರ್ಜಿಗೆ ಹೋಗಿತ್ತು. “ಇನ್ನೆರಡು ವರ್ಷ ಹೀಗೇ ಆದರೆ ಯಂತ್ರ ಮಾರಿ ಮಗಳ ಮನೆ ಸೇರಬೇಕಾಗುತ್ತೆ, ಮೇಷ್ಟ್ರೇ,” ಎಂದರು. ಮಗಳ ಮನೆ ಎರಡು ಕೋಣೆಯದು. ಅಲ್ಲಿ ಆಗಲೇ ಐದು ಜನರಿದ್ದಾರೆ.

ನಾನು ವಿಜ್ಞಾನದ ಮೇಷ್ಟರಲ್ಲವೆ? ಕೂಡಲೇ ಉಪದೇಶಕ್ಕೆ ತೊಡಗಿದೆ. ಕೇಂದ್ರ ಸರ್ಕಾರ ೨೦೨೪ರ ಫೆಬ್ರವರಿಯಲ್ಲಿ ಸೂರ್ಯಘರ್ ಯೋಜನೆಯನ್ನು ಆರಂಭಿಸಿದೆ. ಒಂದು ಕೋಟಿ ಮನೆಗಳ ಮಾಡಿನ ಮೇಲೆ ಬಿಸಿಲಿನಿಂದ ವಿದ್ಯುತ್ತು ತೆಗೆಯುವುದು ಅದರ ಗುರಿ. ಅದಕ್ಕೆ ಎತ್ತಿಟ್ಟಿರುವ ಹಣ ೭೫,೦೨೧ ಕೋಟಿ ರೂಪಾಯಿ. ಎರಡು ಕಿಲೋವಾಟಿಗೆ ೬೦,೦೦೦, ಮೂರು ಕಿಲೋವಾಟಿಗೆ ೭೮,೦೦೦ ರೂಪಾಯಿ ಸಹಾಯಧನ. ಉಳಿದುದಕ್ಕೆ ಅಡಮಾನವಿಲ್ಲದ ಸಾಲ. ಅತ್ತಿಗೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎಲ್ಲವನ್ನೂ ಕೇಳಿ, ಮೂರು ಪ್ರಶ್ನೆ ಕೇಳಿದರು.

ಮೊದಲನೆಯದು: ಮಾಡು ಯಾರದು? ಮನೆ ಬಾಡಿಗೆಯದು. ಯೋಜನೆಯ ಫಲ ಪಡೆಯಬೇಕಾದರೆ ಮನೆ ಸ್ವಂತದ್ದಾಗಿರಬೇಕು. ಖಾತೆ, ಕಂದಾಯದ ರಸೀತಿ ಇರಬೇಕು. ಎರಡನೆಯದು: ನನಗೆ ಕರೆಂಟಿನ ಬಿಲ್ಲೇ ಇಲ್ಲವಲ್ಲ? ಅದೂ ನಿಜ. ರಾಜ್ಯದಲ್ಲಿ ೨೦೨೩ರಲ್ಲಿ ಬಂದ ಗೃಹಜ್ಯೋತಿಯಿಂದ ೨೦೦ ಯೂನಿಟ್ಟಿನ ಮಿತಿಯೊಳಗೆ ಬಳಸುವ ಮನೆಗಳಿಗೆ ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಉಳಿತಾಯ ಮಾಡುವುದು ಹೇಗೆಂದು ಗಣಿತದ ಮೇಷ್ಟರೂ ಹೇಳಲಾರರು. ಮೂರನೆಯ ಪ್ರಶ್ನೆಗೆ ನಾನು ಬೆಪ್ಪಾದೆ: “ಬೀದಿಯಲ್ಲಿ ಕರೆಂಟು ಹೋದಾಗ ಅದು ಉರಿಯುತ್ತಾ?” ಉರಿಯುವುದಿಲ್ಲ. ಆ ಬಗೆಯ ಫಲಕಗಳು ವಿದ್ಯುತ್ ಜಾಲಕ್ಕೆ ಸೇರಿದುವು. ಜಾಲ ನಿಂತೊಡನೆ ಅವೂ ತಾವಾಗಿಯೇ ನಿಲ್ಲುವುವು. ಇಲ್ಲದಿದ್ದರೆ ಕಂಬ ಹತ್ತಿ ತಂತಿ ಸರಿಪಡಿಸುವವನ ಪ್ರಾಣಕ್ಕೆ ಅಪಾಯ. ಬ್ಯಾಟರಿ ಇಲ್ಲದ ಮನೆಯಲ್ಲಿ ಮಾಡಿನ ಮೇಲೆ ಬಿಸಿಲಿದ್ದರೂ ಒಳಗೆ ಕತ್ತಲೆಯೇ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ಆದರೆ ಯೋಜನೆಯ ಸಂಭ್ರಮದಲ್ಲಿ ಮರೆತಿದ್ದೆ.

“ಸೂರ್ಯ ಎಲ್ಲರ ಮಾಡಿನ ಮೇಲೂ ಬೀಳ್ತಾನೆ ಮೇಷ್ಟ್ರೇ, ಸಹಾಯಧನ ಮಾತ್ರ ಕಾಗದ ಇದ್ದೋರ ಮಾಡಿನ ಮೇಲೆ ಬೀಳುತ್ತೆ,” ಎಂದು ಅತ್ತಿಗೆ ಮತ್ತೆ ಸೂಜಿ ಹಿಡಿದರು.

ಆ ಯೋಜನೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸ್ವಂತ ಮನೆಯಿದ್ದು, ಹೆಚ್ಚು ವಿದ್ಯುತ್ತು ಬಳಸುವವರಿಗೆ ಅದು ಉಪಕಾರಿ, ನಾಡಿಗೂ ಉಪಕಾರಿ. ಶಿವಮೊಗ್ಗೆಯ ಬಡಾವಣೆಗಳಲ್ಲಿ ಮಾಡಿನ ಮೇಲೆ ನೀಲಿ ಫಲಕಗಳನ್ನು ಕಂಡಾಗ ನನಗೆ ಸಂತೋಷವೇ ಆಗುವುದು. ಆದರೆ ಅದು ಅತ್ತಿಗೆಯ ಕಾಲಿಗೆ ಹೊಲಿದ ಜೋಡಲ್ಲ. ಅವರಿಗೆ ಬೇಕಾದುದು ದಿನಕ್ಕೆ ಐದು ಗಂಟೆ ಒಂದು ಸಣ್ಣ ಮೋಟಾರು ತಿರುಗುವಷ್ಟು, ಎರಡು ದೀಪ ಉರಿಯುವಷ್ಟು ಶಕ್ತಿ. ಅದೂ ಬೀದಿ ಕತ್ತಲಾದಾಗ.

ಇಂಥ ಸಣ್ಣ ಬೆಳಕಿನ ವಿಚಾರದಲ್ಲಿ ಕನ್ನಡನಾಡಿಗೆ ಅನುಭವವಿಲ್ಲದಿಲ್ಲ. ಬೆಂಗಳೂರಿನಲ್ಲಿ ೧೯೯೫ರಲ್ಲಿ ಸ್ಥಾಪಿತವಾದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಸೌರದೀಪಗಳನ್ನು ಹಾಕುತ್ತ ಬಂದಿದೆ. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಬೀದಿ ವ್ಯಾಪಾರದ ಹೆಂಗಸಿಗೆ ತಿಂಗಳಿಗೆ ಮುನ್ನೂರು ರೂಪಾಯಿಯೆಂದರೆ ಹೊರೆ, ದಿನಕ್ಕೆ ಹತ್ತು ರೂಪಾಯಿಯೆಂದರೆ ಹಗುರ ಎಂಬ ಸಂಗತಿಯನ್ನು ಅವರು ಮತ್ತೆ ಮತ್ತೆ ಹೇಳಿದ್ದಾರೆ. ಗುಣಾಕಾರ ಮಾಡಿದರೆ ಎರಡೂ ಒಂದೇ, ಬದುಕಿದರೆ ಬೇರೆ. ದಿನಗೂಲಿಯವರ ಕೈಗೆ ತಿಂಗಳೆಂಬುದು ಎಂದೂ ಸಿಕ್ಕಿದ್ದಿಲ್ಲ.

ಇನ್ನೊಂದು ಉದಾಹರಣೆ ನಮ್ಮ ನೆರೆಯ ಶಿರಸಿಯದು. ದೇಶದ ಎಷ್ಟೋ ಕಡೆ ಸರ್ಕಾರದ ಸಹಾಯಧನದಿಂದ ಕಟ್ಟಿದ ಗೋಬರ್ ಗ್ಯಾಸಿನ ಗುಂಡಿಗಳು ನಾಲ್ಕು ವರ್ಷಕ್ಕೆ ಬಿರುಕು ಬಿಟ್ಟು, ಕಸದ ತೊಟ್ಟಿಗಳಾದುವು. ಶಿರಸಿಯ ಅಡಕೆ ತೋಟದ ಮನೆಗಳಲ್ಲಿ ಅವು ಚೆನ್ನಾಗಿ ನಡೆಯುತ್ತಿದ್ದುದನ್ನು ವಿದ್ವಾಂಸರು ಅಲ್ಲಿಗೇ ಹೋಗಿ ಪರೀಕ್ಷಿಸಿ ಬರೆದಿದ್ದಾರೆ. ಸಗಣಿಯೂ ಒಂದೇ, ಸಹಾಯಧನವೂ ಒಂದೇ, ವ್ಯತ್ಯಾಸವೆಲ್ಲಿ? ಕಟ್ಟಿದವನು ಅದೇ ಸೀಮೆಯವನು. ಕೆಟ್ಟರೆ ಸರಿಪಡಿಸುವೆನೆಂದು ಮಾತು ಕೊಟ್ಟವನು. ಮುಂದಿನ ಮನೆಯ ಕೆಲಸ ಸಿಕ್ಕಬೇಕಾದರೆ ಈ ಮನೆಯ ಒಲೆ ಉರಿಯುತ್ತಿರಬೇಕೆಂದು ಬಲ್ಲವನು. ಹಣ ಒಂದು ಸಲ ಬರುವುದು. ರಿಪೇರಿಯವನು ಪದೇ ಪದೇ ಬರಬೇಕು.

ಇಷ್ಟನ್ನು ಯೋಚಿಸಿಕೊಂಡು ನಾನು ಶಿವಮೊಗ್ಗೆಯಲ್ಲಿ ಇಂಥ ಕೆಲಸ ಮಾಡುವ ಹುಡುಗನೊಬ್ಬನನ್ನು ಕರೆದುಕೊಂಡು ಹೋದೆ. ಅವನು ಅತ್ತಿಗೆಯ ಮೋಟಾರಿನ ಮೇಲೆ ಬರೆದುದನ್ನು ಓದಿ, ಮಾಡು ಹತ್ತಿ ತೆಂಗಿನ ಮರದ ನೆರಳು ಎಲ್ಲಿಯವರೆಗೆ ಬರುವುದೆಂದು ನೋಡಿ, ಒಂದು ಮಾತು ಹೇಳಿದನು, ನನಗೆ ಅವನ ಮೇಲೆ ಗೌರವ ಹುಟ್ಟಿತು: “ಬೇಸಗೆ ಲೆಕ್ಕ ಹಾಕಿದರೆ ಒಂದು ಫಲಕ ಸಾಕು ಸಾರ್. ಆದರೆ ಅಮ್ಮನಿಗೆ ಕೆಲಸ ಇರೋದು ಆಷಾಢದಲ್ಲಿ. ಆಷಾಢದ ಲೆಕ್ಕ ಹಾಕಿದರೆ ಎರಡು ಬೇಕು.” ಮೋಡ ಕವಿದ ದಿನ ಬೆಳಕು ಇಲ್ಲದೆ ಇರುವುದಿಲ್ಲ, ಕಡಮೆಯಾಗುವುದು, ಅಷ್ಟೆ. ಆ ಕಡಮೆಯನ್ನು ಎಣಿಸಿಯೇ ಕಟ್ಟಬೇಕು. ಎರಡು ಫಲಕ, ಒಂದು ಬ್ಯಾಟರಿ, ಸಣ್ಣದೊಂದು ಇನ್ವರ್ಟರ್, ಎರಡು ದೀಪ. ಒಟ್ಟು ೪೫,೦೦೦ ರೂಪಾಯಿ. ಮನೆ ಬದಲಿಸಿದರೆ ಬಿಚ್ಚಿ ಒಯ್ಯಬಹುದು.

ನಾನು ಹೋದ ಮೊದಲ ಬ್ಯಾಂಕಿನಲ್ಲಿ ಮನೆಯ ಪತ್ರ ಕೇಳಿದರು. ಅಲ್ಲಿಯ ತರುಣ ಅಧಿಕಾರಿ ಮರ್ಯಾದೆಯಿಂದಲೇ ಮಾತನಾಡಿದರು. ಅವರ ಮುಂದಿದ್ದ ನಮೂನೆಯಲ್ಲಿ ಆ ಕಲಮಿಗೊಂದು ಚೌಕವಿದ್ದಿತು, ಅದನ್ನು ಖಾಲಿ ಬಿಡುವ ಅಧಿಕಾರ ಅವರಿಗಿರಲಿಲ್ಲ. ಹೊರಗೆ ಬಂದು ನಾನು ಅತ್ತಿಗೆಗೆ, “ಹಣ ನಾನು ಕೊಡುತ್ತೇನೆ, ಪಿಂಚಣಿ ಬರುತ್ತದೆಯಲ್ಲ,” ಎಂದೆ. ಅವರು ಒಪ್ಪಲಿಲ್ಲ. ಅವರ ಉತ್ತರವನ್ನು ನಾನು ಅಂದೇ ದಿನಚರಿಯಲ್ಲಿ ಬರೆದಿಟ್ಟುಕೊಂಡೆ: “ದಾನದ ದೀಪ ಕೆಟ್ಟರೆ ಯಾರನ್ನ ಕೇಳಲಿ, ಮೇಷ್ಟ್ರೇ? ನನ್ನ ದುಡ್ಡಿನದಾದರೆ ಆ ಹುಡುಗನ ಅಂಗಡಿ ಮುಂದೆ ನಿಂತು ಜಗಳ ಆಡ್ತೀನಿ.”

ದಾರಿ ತೋರಿಸಿದವರು ಅವರ ಸ್ವಸಹಾಯ ಸಂಘದ ಹೆಂಗಸರು. ಹತ್ತು ಜನರ ಸಂಘ. ಅವರಲ್ಲಿ ಸ್ವಂತ ಮನೆಯಿದ್ದವರು ಮೂವರು. ಹನ್ನೊಂದು ವರ್ಷದಿಂದ ವಾರವಾರ ಉಳಿತಾಯ ಮಾಡಿ, ಒಂದು ಕಂತನ್ನೂ ತಪ್ಪಿಸದೆ ಬಂದ ಲೆಕ್ಕದ ಪುಸ್ತಕ ಅವರ ಬಳಿ ಇದ್ದಿತು. ಅದೇ ಅವರ ಹಕ್ಕುಪತ್ರ. ಸಂಘದ ಹೆಸರಿನಲ್ಲಿ, ಇನ್ನೊಂದು ಬ್ಯಾಂಕಿನಲ್ಲಿ, ೩೬,೦೦೦ ರೂಪಾಯಿ ಸಾಲ ದೊರೆಯಿತು. ಮೂರು ವರ್ಷದ ಅವಧಿ. ಉಳಿದ ೯,೦೦೦ಕ್ಕೆ ಅತ್ತಿಗೆ ತಮ್ಮ ಬೆಂಡೋಲೆಯನ್ನು ಗಿರವಿ ಇಡಲು ಹೊರಟಿದ್ದರು. ಸಂಘದವರು ತಡೆದು, ತಮ್ಮ ಉಳಿತಾಯದಿಂದ ಕೊಟ್ಟರು. ಬ್ಯಾಂಕಿನ ಸಾಲಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ನಲವತ್ತು ರೂಪಾಯಿ. ಆದರೆ ಹೆಂಗಸರು ಇನ್ನೊಂದು ಜಾಣತನ ಮಾಡಿದರು: ಸಮವಸ್ತ್ರದ ಮೂರು ತಿಂಗಳು ಅತ್ತಿಗೆ ದಿನಕ್ಕೆ ನೂರರಂತೆ ಡಬ್ಬಿಗೆ ಹಾಕತಕ್ಕದ್ದು, ಉಳಿದ ದಿನಗಳಲ್ಲಿ ಇಪ್ಪತ್ತು ಸಾಕು. ತಿಂಗಳ ಕಂತು ಕಡಮೆ ಬಿದ್ದರೆ ಸಂಘವೇ ತುಂಬಿ, ಆಮೇಲೆ ವಸೂಲು ಮಾಡಿಕೊಳ್ಳುವುದು. ಭದ್ರಾವತಿಯ ಕುಲುಮೆಗೆ ಒಂದು ಕಾಲದಲ್ಲಿ ಸಂಸ್ಥಾನ ತೋರಿಸಿದ ತಾಳ್ಮೆಯನ್ನು ಅದೇ ಊರಿನ ಹೊಲಿಗೆ ಯಂತ್ರಕ್ಕೆ ಒಂಬತ್ತು ಜನ ಹೆಂಗಸರು ತೋರಿಸಿದರು.

ಇದನ್ನು ನೋಡಿ ನನ್ನಲ್ಲಿ ಒಂದು ಯೋಚನೆ ಉಳಿಯಿತು. ಶರಾವತಿಯ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ನೀರನ್ನು ಮೇಲಕ್ಕೆ ಎತ್ತಿ ಮತ್ತೆ ಇಳಿಸುವ ೨೦೦೦ ಮೆಗಾವಾಟಿನ ಯೋಜನೆಯೊಂದನ್ನು ಕುರಿತು ಈಚಿನ ವರ್ಷಗಳಲ್ಲಿ ದೊಡ್ಡ ವಾದ ನಡೆದಿದೆ. ಅದಕ್ಕೆ ಬೇಕಾಗುವುದು ಸಾವಿರಾರು ಕೋಟಿ. ಕಳೆದುಹೋಗುವುದು ಸಿಂಗಳೀಕಗಳಿರುವ ಕಾಡಿನ ಒಂದು ಭಾಗ. ಬಿಸಿಲಿನ ವಿದ್ಯುತ್ತು ಹೆಚ್ಚಿದಂತೆ ಅದನ್ನು ಕೂಡಿಡುವ ಉಪಾಯವೂ ಬೇಕೆಂಬುದು ಒಂದು ಪಕ್ಷ; ಮಲೆನಾಡು ಆಗಲೇ ಸಾಕಷ್ಟು ಕೊಟ್ಟಿದೆಯೆಂಬುದು ಇನ್ನೊಂದು ಪಕ್ಷ. ಆ ವಾದವನ್ನು ತೀರ್ಮಾನಿಸುವಷ್ಟು ದೊಡ್ಡವನು ನಾನಲ್ಲ. ನಾನು ಕೇಳುವುದಿಷ್ಟು: ದೊಡ್ಡ ಯೋಜನೆಗೆ ಸರ್ಕಾರ ಜಾಮೀನು ನಿಲ್ಲುವುದು, ವರ್ಷಗಟ್ಟಲೆ ಕಾಯುವುದು, ವೆಚ್ಚ ಏರಿದರೆ ಮತ್ತೆ ಕೊಡುವುದು. ಸಣ್ಣವರಿಗೆ ಅದೇ ಸರ್ಕಾರ ಒಂದು ಸಲದ ಸಹಾಯಧನವನ್ನು ಕೊಟ್ಟು, ಕಾಗದ ಕೇಳಿ, ಮುಂದಕ್ಕೆ ಹೋಗುವುದು. ಆ ಜಾಮೀನಿನಲ್ಲಿ ಒಂದು ಪಾಲನ್ನು, ಆ ಕಾಯುವಿಕೆಯಲ್ಲಿ ಒಂದು ಪಾಲನ್ನು, ಬಾಡಿಗೆ ಮನೆಯ ದರ್ಜಿಗೂ ಹಕ್ಕುಪತ್ರವಿಲ್ಲದ ಹಿನ್ನೀರಿನ ರೈತನಿಗೂ ಇಟ್ಟರೆ ಬೊಕ್ಕಸ ಬರಿದಾಗಲಾರದು. ಹತ್ತು ಜನರ ಲೆಕ್ಕದ ಪುಸ್ತಕವನ್ನು ಪತ್ರವೆಂದು ಒಪ್ಪಿಕೊಂಡ ಬ್ಯಾಂಕಿಗೆ ಈವರೆಗೆ ಒಂದು ಕಂತೂ ನಿಂತಿಲ್ಲ.

ಈ ಸಲದ ಮಳೆಗಾಲದಲ್ಲಿ ಒಂದು ಸಂಜೆ ಭದ್ರಾವತಿಗೆ ಹೋಗಿದ್ದೆ. ನಿಲ್ದಾಣದಿಂದ ಹೊರಟಾಗಲೇ ಗಾಳಿ ಎದ್ದು ಬೀದಿಯ ದೀಪಗಳೆಲ್ಲ ಆರಿದುವು. ಕೊಡೆ ಹಿಡಿದು, ಕೆಸರನ್ನು ತಡವಿಕೊಂಡು ಹೋದೆ. ತಿರುವಿನಲ್ಲಿ ಯಂತ್ರದ ಸದ್ದು ಕೇಳಿಸಿತು. ಆಮೇಲೆ ಕಿಟಕಿಯ ಬೆಳಕು ಕಂಡಿತು. ಒಳಗೆ ಅತ್ತಿಗೆ ಹೊಲಿಯುತ್ತಿದ್ದರು. ಪಕ್ಕದ ಮನೆಯ ಹುಡುಗಿ ಮೂಲೆಯಲ್ಲಿ ಕುಳಿತು ಲೆಕ್ಕ ಮಾಡುತ್ತಿದ್ದಳು. ಎಲ್ಲವೂ ಸುಗಮವೆಂದು ಹೇಳಲಾರೆ. ನಾಲ್ಕು ದಿನ ಬಿಡದೆ ಸುರಿದಾಗ ಬ್ಯಾಟರಿ ಸಂಜೆ ಏಳಕ್ಕೇ ಸೋತಿತಂತೆ. ಒಂದು ಸಲ ತಂತಿಯ ಕೀಲು ತುಕ್ಕು ಹಿಡಿದು, ಅತ್ತಿಗೆ ಫೋನಿನಲ್ಲಿಯೇ ಜಗಳವಾಡಿ, ಹುಡುಗ ಮರುದಿನ ಬಂದು ಸರಿಪಡಿಸಿದನಂತೆ. ಆದರೆ ಸಮವಸ್ತ್ರ ಒಂದು ಜೊತೆಯೂ ಬೇರೆಯವರಿಗೆ ಹೋಗಲಿಲ್ಲ.

ಕಾಫಿ ಕುಡಿಯುತ್ತ ಗೋಡೆಯ ಕ್ಯಾಲೆಂಡರನ್ನು ನೋಡಿದೆ. ಅಮಾವಾಸ್ಯೆ, ಏಕಾದಶಿಗಳ ನಡುವೆ ಒಂದು ತಾರೀಖಿಗೆ ದರ್ಜಿಯ ನೀಲಿ ಸೀಮೆಸುಣ್ಣದಿಂದ ಗುರುತು ಹಾಕಿದ್ದಿತು. ಯಾವ ವ್ರತವೆಂದು ಕೇಳಿದೆ.

“ಬ್ಯಾಟರಿಗೆ ನೀರು ಹಾಕೋ ದಿನ, ಮೇಷ್ಟ್ರೇ,” ಎಂದು ಅತ್ತಿಗೆ ಮತ್ತೆ ಯಂತ್ರದ ಕಡೆ ತಿರುಗಿದರು.